ನಾಲ್ಕು ಕುರ್ಚಿ, ಅರ್ಧ ಮೀಸೆ

ಭಾನುವಾರ ಬೆಳಿಗ್ಗೆ ಕಟಿಂಗ್ ಶಾಪಿಗೆ ಹೋಗುವವನಿಗೆ ಬುದ್ಧಿ ಇಲ್ಲವೆಂದೇ ಲೆಕ್ಕ. ಸೋಮವಾರ ಶಿವನ ವಾರವೆಂದು ಕೆಲವರು ಬರುವುದಿಲ್ಲ, ಮಂಗಳವಾರ ಅಂಗಡಿಗೇ ಬೀಗ, ಶುಕ್ರವಾರ ಮನೆಯ ಹೆಂಗಸರು ಬಿಡುವುದಿಲ್ಲ, ಶನಿವಾರ ಹನುಮಂತನದು. ನಡುವೆ ಅಮಾವಾಸ್ಯೆ ಬಂದರೆ ಬುಧವಾರವೋ ಗುರುವಾರವೋ ಅದೂ ಹೋಯಿತು. ಹೀಗೆ ವಾರವನ್ನೆಲ್ಲ ದೇವರುಗಳಿಗೆ ಹಂಚಿಕೊಟ್ಟು, ಕೋಲಾರದ ಅಷ್ಟೂ ತಲೆಗಳು ಭಾನುವಾರ ಒಟ್ಟಿಗೆ ಬಂದು ಬೆಂಚಿನ ಮೇಲೆ ಕೂರುತ್ತವೆ. ನಾನೂ ಪ್ರತಿ ಸಲ ಗೊಣಗಿಕೊಂಡು ಭಾನುವಾರವೇ ಹೋಗುತ್ತಿದ್ದೆ.

ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಅಂಗಡಿ. ನಾಲ್ಕು ಕುರ್ಚಿ, ನಾಲ್ಕು ಜನ. ಮೊದಲನೆಯ ಕುರ್ಚಿ ಓನರದ್ದು. ಎರಡನೆಯದರಲ್ಲಿ ಮಾಲೂರಿನಿಂದ ಬಂದವನು, ಎಡಗೈಯವನು. ಮೂರನೆಯದರಲ್ಲಿ ಮುಳಬಾಗಿಲಿನವನು, ಬ್ಲೇಡು ಹಿಡಿದರೆ ಮೀನು ಕುಯ್ಯುವಷ್ಟು ಅವಸರ. ನಾಲ್ಕನೆಯವನ ಕಿವಿಯಲ್ಲಿ ಸದಾ ಇಯರ್‌ಫೋನು, ಹಾಗಾಗಿ ಅವನ ಊರು ಯಾವುದೆಂದು ಕೇಳಲು ಯಾರಿಗೂ ಆಗಿರಲಿಲ್ಲ. ಬಂದವರೆಲ್ಲ ಓನರೇ ಬೇಕು ಅನ್ನುವವರು. ಅವರ ಕುರ್ಚಿಗೆ ಬೆಂಚಿನ ಉದ್ದಕ್ಕೂ ಜನ, ಉಳಿದ ಮೂವರು ಮೊಬೈಲ್ ನೋಡಿಕೊಂಡು ಕೂತಿರುತ್ತಿದ್ದರು. ಓನರ್ ಗಿರಾಕಿ ತಪ್ಪಿಸಿಕೊಳ್ಳದ ಹಾಗೆ ಒಂದು ಉಪಾಯ ಮಾಡಿದ್ದರು. ಒಳಗೆ ಕಾಲಿಟ್ಟವನನ್ನು ಯಾವುದಾದರೂ ಸ್ಟೂಲಿನ ಮೇಲೆ ಕೂರಿಸಿ ಕೆನ್ನೆಗೆ ನೊರೆ ಬಳಿದುಬಿಡುವುದು. ನೊರೆ ಹಚ್ಚಿಸಿಕೊಂಡವನು ಬೀದಿಗೆ ಇಳಿಯಲಾರ, ಕೂತಿರಲೇಬೇಕು.

ಇದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾಕೆಂದರೆ ನಾನು ಇಲ್ಲಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು, ಮತ್ತು ಆ ವರ್ಷ ಹೇಳುತ್ತಿದ್ದುದು ಆಪರೇಟಿಂಗ್ ಸಿಸ್ಟಮ್. ಈಗಿನ ಕಾಲದಲ್ಲಿ ಅಗ್ಗದ ಮೊಬೈಲಿನಲ್ಲೂ ಪ್ರೊಸೆಸರಿನೊಳಗೆ ನಾಲ್ಕೋ ಎಂಟೋ ಕೋರ್‌ಗಳಿರುತ್ತವೆ. ಅಂದರೆ ಒಂದೇ ಅಂಗಡಿಯಲ್ಲಿ ಅಷ್ಟು ಜನ ಕೆಲಸಗಾರರು. ಮಾಡಬೇಕಾದ ಕೆಲಸಗಳೋ ನೂರಾರು: ಹಾಡು ಹಾಡಬೇಕು, ಮೆಸೇಜ್ ತರಬೇಕು, ಗಡಿಯಾರ ಓಡಿಸಬೇಕು. ಯಾವ ಕೆಲಸ ಯಾರ ಕೈಗೆ, ಎಷ್ಟು ಹೊತ್ತು ಎಂದು ತೀರ್ಮಾನಿಸುವ ಮೇಸ್ತ್ರಿಗೆ ಶೆಡ್ಯೂಲರ್ ಎಂದು ಹೆಸರು. ಅವನು ಯಾವ ಕೋರನ್ನೂ ಸುಮ್ಮನೆ ಕೂರಲು ಬಿಡುವುದಿಲ್ಲ. ಯಾವ ಕೆಲಸವನ್ನೂ ಒಂದೇ ಸಮ ಮಾಡಲೂ ಬಿಡುವುದಿಲ್ಲ. ಚೂರು ಮಾಡಿಸುತ್ತಾನೆ, ಪಕ್ಕಕ್ಕಿಡಿಸುತ್ತಾನೆ, ಮುಂದಿನದನ್ನು ಎತ್ತಿಕೊಡುತ್ತಾನೆ. ಇದೆಲ್ಲ ಎಷ್ಟು ಬೇಗ ನಡೆಯುತ್ತದೆಂದರೆ ನಮಗೆ ಎಲ್ಲವೂ ಒಟ್ಟಿಗೇ ಆಗುತ್ತಿದೆ ಅನ್ನಿಸುತ್ತದೆ. ಇದು ನನಗೆ ಎಷ್ಟು ಇಷ್ಟವಾದ ವಿಷಯವೆಂದರೆ ಊಟಕ್ಕೆ ಕೂತರೂ ಇದನ್ನೇ ಮಾತಾಡುತ್ತಿದ್ದೆ.

ಮಾತಾಡುತ್ತಿದ್ದುದರಿಂದ ಮದುವೆ ಆಗಿರಲಿಲ್ಲ. ಹೆಣ್ಣು ನೋಡಲು ಹೋದ ಮನೆಗಳಲ್ಲೆಲ್ಲ ನಾನು ಪ್ರೊಸೆಸರ್ ಬಗ್ಗೆ ಹೇಳಿ ಬಂದಿದ್ದೆ, ಅವರು ಫೋನ್ ಮಾಡುತ್ತೇವೆ ಎಂದು ಕಳಿಸಿದ್ದರು. ನಮ್ಮ ಕಡೆ ಫೋನ್ ಮಾಡುತ್ತೇವೆ ಅಂದರೆ ಮಾಡುವುದಿಲ್ಲ ಎಂದು ಅರ್ಥ. ಹೀಗಿರುವಾಗ ಶ್ರೀನಿವಾಸಪುರದಲ್ಲಿ ಮಾವಿನ ತೋಟ ಮಾಡಿಕೊಂಡಿದ್ದ ಸೋದರಮಾವ ಅಲ್ಲಿಯದೇ ಒಂದು ಸಂಬಂಧ ತಂದರು. ಹುಡುಗಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಒಂದು ಸಲ ಫೋನಿನಲ್ಲಿ ಮಾತಾಡಿ ಅಂತ ನಂಬರ್ ಕೊಟ್ಟರು. ಅವಳು ಮೊದಲು ಕೇಳಿದ್ದೇ, "ನೀವು ತುಂಬಾ ಮಾತಾಡ್ತೀರಂತೆ, ನಿಜಾನಾ?" ಎಂದು. "ಯಾರ್ರೀ ಹೇಳಿದ್ದು, ಶುದ್ಧ ಸುಳ್ಳು," ಎಂದು ಶುರು ಮಾಡಿ ನನ್ನ ಮೊಬೈಲ್ ಬಿಸಿಯಾಗಿ ಆಫ್ ಆಗುವವರೆಗೂ ಮಾತಾಡಿದೆ. ಆಫ್ ಆಗುವ ಮುಂಚೆ ಅವಳು ನಕ್ಕಿದ್ದು ಕೇಳಿಸಿತು. ಸುಮ್ಮನೆ ಮರ್ಯಾದೆಗೆ ನಕ್ಕದ್ದಲ್ಲ, ತಡೆಯಲಾರದೆ ನಕ್ಕದ್ದು. ನನಗೆ ಆ ಹುಡುಗಿಯೇ ಬೇಕು ಅನ್ನಿಸಿಬಿಟ್ಟಿತು. ಬೇರೆ ಯಾವ ಮನೆಯವರು ಬೇಡವೆಂದಾಗಲೂ ಬೇಜಾರಾಗಿರಲಿಲ್ಲ, ಇವರು ಬೇಡವೆಂದರೆ ಏನು ಮಾಡುವುದೆಂದು ಹೆದರಿಕೆಯಾಯಿತು.

ಮುಂದಿನ ಭಾನುವಾರ ಹುಡುಗಿ ನೋಡಲು ಹೋಗುವುದೆಂದು ನಿಶ್ಚಯವಾಯಿತು. "ಅಲ್ಲಿ ಕಂಪ್ಯೂಟರ್ ಅನ್ನೋ ಮಾತೆತ್ತಿದ್ರೆ ನಾನು ಅರ್ಧದಲ್ಲೇ ಎದ್ದು ಬಂದ್‌ಬಿಡ್ತೀನಿ ನೋಡು," ಎಂದು ಅಮ್ಮ ಖಡಾಖಂಡಿತವಾಗಿ ಹೇಳಿದಳು.

ಮನೆಯಲ್ಲಿ ಬಾಯಿಗೆ ಬೀಗ ಬಿದ್ದದ್ದರಿಂದ ಕಟಿಂಗ್ ಶಾಪಿನಲ್ಲಿ ಬಿಚ್ಚಿಕೊಂಡೆ. ಆ ವಾರ ಒಂದು ಸಂಜೆ, ಅಂಗಡಿ ಖಾಲಿಯಿದ್ದಾಗ, ಓನರನ್ನು ಕೂರಿಸಿಕೊಂಡು ಹೇಳಿದೆ. "ನಿಮ್ಮ ಹತ್ರ ನಾಲ್ಕು ಕೋರ್ ಇದೆ, ಮೂರು ಸುಮ್ನೆ ಕೂತಿದೆ. ನಾಚಿಕೆ ಆಗಲ್ವಾ ನಿಮಗೆ? ಎಲ್ಲರಿಗೂ ಸೇರಿ ಒಂದೇ ಕ್ಯೂ ಮಾಡಿ. ಯಾವ ಕುರ್ಚಿ ಖಾಲಿ ಆದ್ರೂ ಮುಂದಿನ ತಲೆ ಅಲ್ಲಿಗೆ ಹೋಗ್ಬೇಕು. ಒಬ್ಬೊಬ್ಬರಿಗೂ ಸ್ವಲ್ಪ ಹೊತ್ತು, ಆಮೇಲೆ ಬದಲಿ. ಎಲ್ಲರ ಕೆಲಸಾನೂ ಒಟ್ಟಿಗೆ ಮುಂದಕ್ಕೆ ಹೋಗ್ತಾ ಇರುತ್ತೆ."

ಓನರ್ ಬಾಯಿ ತೆರೆದುಕೊಂಡು ಕೇಳುತ್ತಿದ್ದರು. "ಅಂದ್ರೆ ಸಾರ್, ಬೆಂಚ್ ಮೇಲೆ ಕೂತಿರೋ ಅಷ್ಟೂ ಜನಕ್ಕೆ ಒಂದೊಂದ್ ಸಲ ಕೈ ಹಾಕ್‌ಬಿಡೋದು?"

"ಹೂಂ ಮತ್ತೆ."

"ಅರ್ಧ ಕಟಿಂಗ್ ಆದೋನು ಎದ್ದು ಹೋಗೋಕಾಗಲ್ಲ!"

"ಆಗಲ್ಲ."

"ಅಷ್ಟೇ ಸಾರ್! ನೊರೆ ಖರ್ಚೂ ಇಲ್ಲ!" ಎಂದು ತೊಡೆ ತಟ್ಟಿಕೊಂಡು ಎದ್ದೇಬಿಟ್ಟರು. ಅವರಿಗೆ ಅರ್ಥವಾದದ್ದು ಅಷ್ಟೇ, ಆದರೆ ಅದು ತುಂಬ ಚೆನ್ನಾಗಿ ಅರ್ಥವಾಗಿತ್ತು.

ನಾನು ಇನ್ನೊಂದು ಮಾತನ್ನೂ ಹೇಳಿದೆ. ಶೆಡ್ಯೂಲರ್ ಒಂದು ಕೆಲಸವನ್ನು ಪಕ್ಕಕ್ಕಿಡುವಾಗ ಅದು ಎಲ್ಲಿಗೆ ನಿಂತಿದೆ ಎನ್ನುವುದನ್ನು ಚಾಚೂ ತಪ್ಪದೆ ಉಳಿಸಿಡುತ್ತಾನೆ, ಮುಂದಿನ ಕೋರ್ ಅಲ್ಲಿಂದಲೇ ಶುರು ಮಾಡುತ್ತದೆ. ಆದಷ್ಟೂ ಅದೇ ಕೆಲಸವನ್ನು ಅದೇ ಕೋರಿಗೆ ವಾಪಸು ಕೊಡುತ್ತಾನೆ, ಯಾಕೆಂದರೆ ಅದರ ಹತ್ತಿರ ಆ ಕೆಲಸದ ನೆನಪು ಇನ್ನೂ ಬಿಸಿಯಾಗಿರುತ್ತದೆ. ಕೋರಿನಿಂದ ಕೋರಿಗೆ ಸುಮ್ಮಸುಮ್ಮನೆ ಎತ್ತಿ ಹಾಕುತ್ತಿದ್ದರೆ ಎತ್ತಿ ಹಾಕುವುದರಲ್ಲೇ ಹೊತ್ತು ಹೋಗುತ್ತದೆ. ಇದನ್ನೆಲ್ಲ ವಿವರಿಸುವಾಗ ಓನರ್ ಆಗಲೇ ಕುರ್ಚಿಗಳನ್ನು ಸರಿಸುತ್ತಿದ್ದರು. "ಅದೆಲ್ಲಾ ಏನೂ ಬೇಡಿ ಸಾರ್. ತಲೆ ನೋಡಿದ್ರೆ ಗೊತ್ತಾಗಲ್ವಾ ಎಲ್ಲೀವರೆಗೂ ಆಗಿದೆ ಅಂತ?"

ನನಗೂ ಹೌದಲ್ಲ ಅನ್ನಿಸಿತು.

ಭಾನುವಾರ ಬೆಳಿಗ್ಗೆ ಹೋದರೆ ಓನರ್ ಕೊರಳಲ್ಲಿ ಬಸ್ ಕಂಡಕ್ಟರ್ ಸೀಟಿ ನೇತಾಡುತ್ತಿತ್ತು. ರಿಟೈರ್ ಆದ ಭಾವನ ಹತ್ತಿರ ಇಸಿದುಕೊಂಡು ಬಂದಿದ್ದರಂತೆ. ಸೀಟಿ ಊದಿದಾಗಲೆಲ್ಲ ಕುರ್ಚಿಯಲ್ಲಿದ್ದವರು ಎದ್ದು ಕ್ಯೂ ಸೇರಬೇಕು, ಬೆಂಚಿನ ಮೇಲಿದ್ದವರು ನಾಲ್ವರು ಹೋಗಿ ಕೂರಬೇಕು. ಮೊದಮೊದಲು ಅದ್ಭುತವಾಗಿ ನಡೆಯಿತು. ನಾಲ್ಕೂ ಕುರ್ಚಿ ಭರ್ತಿ, ನಾಲ್ಕೂ ಕತ್ತರಿ ಕಚಕಚ ಎನ್ನುತ್ತಿದ್ದವು. ನಾನು ಬಾಗಿಲಲ್ಲಿ ನಿಂತು ಹೆಮ್ಮೆಯಿಂದ ಉಬ್ಬಿಹೋದೆ. ಕಾಲೇಜಿನ ಹುಡುಗರನ್ನೆಲ್ಲ ಕರೆದುಕೊಂಡು ಬಂದು ತೋರಿಸಬೇಕಾಗಿತ್ತು ಅಂದುಕೊಂಡೆ.

ಆಮೇಲೆ ಕೆಡತೊಡಗಿತು. ತಲೆ ನೋಡಿದರೆ ಎಲ್ಲಿಯವರೆಗೆ ಆಗಿದೆ ಎಂದು ಗೊತ್ತಾಗುವುದು ನಿಜ, ಏನು ಆಗಬೇಕಾಗಿತ್ತು ಎಂದು ಗೊತ್ತಾಗುವುದಿಲ್ಲ. ಬರೀ ಶೇವಿಂಗಿಗೆ ಬಂದಿದ್ದ ರಿಟೈರ್ಡ್ ಮೇಷ್ಟ್ರೊಬ್ಬರಿಗೆ ಮಾಲೂರಿನವನು ಮಿಲಿಟರಿ ಕಟಿಂಗ್ ಮಾಡಿಬಿಟ್ಟ. ಡೈ ಹಚ್ಚಿಸಿಕೊಳ್ಳಲು ಬಂದವರೊಬ್ಬರ ತಲೆ ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು ಆಗಿ ನಿಂತಿತ್ತು, ಮಿಕ್ಕ ಡೈ ಯಾರ ತಲೆಗೆ ಹೋಯಿತೆಂದು ಗೊತ್ತಾಗಲಿಲ್ಲ. ಒಬ್ಬರಿಗೆ ಎರಡು ಸಲ ಶೇವಿಂಗ್ ಆಗಿ ಕೆನ್ನೆ ಟೊಮೆಟೊ ಆಗಿತ್ತು. ಚಿಲ್ಲರೆ ಕೇಳಲು ಒಳಗೆ ಬಂದ ಆಟೋದವನಿಗೂ ಬಟ್ಟೆ ಸುತ್ತಿ ಕೂರಿಸಿದರು. "ಅಣ್ಣಾ, ನಂಗ್ಯಾಕಣ್ಣಾ, ಆಟೋ ಸ್ಟಾರ್ಟಲ್ಲೈತೆ!" ಎಂದು ಅವನು ಬಡಿದುಕೊಳ್ಳುತ್ತಿದ್ದರೂ ಅರ್ಧ ಕ್ರಾಪು ಹೋಯಿತು. ಕುರ್ಚಿಯಿಂದ ಕುರ್ಚಿಗೆ ಬಿಳಿ ಬಟ್ಟೆ ಹೊದ್ದ ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ, ಬೈಯುತ್ತ ಓಡಾಡುತ್ತಿದ್ದರು. ಓನರ್ ಮಾತ್ರ ಯಾರೂ ತಪ್ಪಿಸಿಕೊಂಡು ಹೋಗಿಲ್ಲವೆಂಬ ಖುಷಿಯಲ್ಲಿ ಸೀಟಿ ಊದುತ್ತಲೇ ಇದ್ದರು.

ನನ್ನ ಸರದಿ ಬಂತು. ನನಗೆ ಓನರೇ ಸಿಕ್ಕರು. "ಗಡ್ಡ ತೆಗೆದು ಮೀಸೆ ಸ್ವಲ್ಪ ಸಮ ಮಾಡಿ ಸಾಕು, ಹುಡುಗಿ ನೋಡೋಕೆ ಹೋಗ್ಬೇಕು," ಅಂದೆ. "ಗೊತ್ತು ಬಿಡಿ ಸಾರ್, ಹೀರೋ ಮಾಡಿ ಕಳಿಸ್ತೀನಿ," ಎಂದು ಕೆನ್ನೆ, ತುಟಿ, ಮೂಗು ಎಲ್ಲಕ್ಕೂ ನೊರೆ ಬಳಿದರು. ಅಷ್ಟರಲ್ಲಿ ತಾವೇ ಸೀಟಿ ಊದಿದರು. ನಾನು ಎದ್ದು ಮುಳಬಾಗಿಲಿನವನ ಕುರ್ಚಿಗೆ ಹೋದೆ. ಅವನು ನೊರೆ ನೋಡಿದ, ಏನೂ ಕೇಳಲಿಲ್ಲ. ಸರ್ರನೆ ಒಂದೇ ಎಳೆತಕ್ಕೆ ಬಲಗಡೆಯ ಮೀಸೆ ತೆಗೆದುಬಿಟ್ಟ. "ಲೇ ಲೇ ಲೇ!" ಎಂದು ಕಿರುಚಿಕೊಳ್ಳುವಷ್ಟರಲ್ಲಿ ಮತ್ತೆ ಸೀಟಿ. ನೂಕಾಟದಲ್ಲಿ ಇಯರ್‌ಫೋನಿನವನ ಮುಂದೆ ಬಿದ್ದೆ. ಅವನು ನನ್ನ ಅರ್ಧ ಮೀಸೆಯನ್ನು ತುಂಬ ಹೊತ್ತು ನೋಡಿ, ಮೊದಲ ಸಲ ಇಯರ್‌ಫೋನ್ ತೆಗೆದು, "ಹೊಸ ಸ್ಟೈಲಾ ಸಾರ್?" ಎಂದ. ನಾನು ಉತ್ತರ ಕೊಡುವ ಮುಂಚೆ ಗಡ್ಡ ತೆಗೆದು, ಉಳಿದರ್ಧ ಮೀಸೆಯನ್ನು ಬಹಳ ಪ್ರೀತಿಯಿಂದ ತೀಡಿ, ತುದಿ ಚೂಪು ಮಾಡಿಕೊಟ್ಟ.

ಹೊರಗೆ ಸೋದರಮಾವನ ಕಾರಿನ ಹಾರನ್ ಬಡಿಯುತ್ತಿತ್ತು. ಮುಖ ಒರೆಸಿಕೊಂಡು ಬಂದು ಕೂತೆ. ಮಾವ ನನ್ನನ್ನು ನೋಡಿ ಗೇರ್ ಹಾಕುವುದನ್ನೇ ಮರೆತರು. "ಏನ್ಲಾ ಇದು? ಮಿಕ್ಕಿದ್ದು ಎಲ್ಲಿ?"

ಉಳಿದರ್ಧವನ್ನೂ ತೆಗೆದುಬಿಟ್ಟರೆ ಆಯಿತಲ್ಲ ಎಂದು ನೀವು ಕೇಳಬಹುದು. ಆಗುವುದಿಲ್ಲ. ನಮ್ಮ ಮನೆಗಳಲ್ಲಿ ತಂದೆ ಬದುಕಿರುವವನು ಮೀಸೆ ಬೋಳಿಸುವ ಹಾಗಿಲ್ಲ. ಬೋಳಿಸಿದ ಮುಖ ನೋಡಿದರೆ ತಂದೆ ತೀರಿಕೊಂಡರೆಂದೇ ಎಲ್ಲರೂ ತಿಳಿಯುವುದು. ಮನೆ ತಲುಪಿದಾಗ ನಮ್ಮಪ್ಪ ಜಗಲಿಯಲ್ಲಿ ಇಸ್ತ್ರಿ ಶರಟು ಹಾಕಿಕೊಂಡು ಹೊರಡಲು ರೆಡಿಯಾಗಿ ಕೂತಿದ್ದರು. ನನ್ನನ್ನು ನೋಡಿ ಅಮ್ಮ, "ಅಯ್ಯೋ ನನ್ ಕರ್ಮವೇ!" ಎಂದು ಗೋಡೆಗೆ ಒರಗಿದಳು.

"ಮಿಕ್ಕಿದ್ದೂ ತೆಗೆದ್‌ಹಾಕ್ಲಿ ಬಿಡೇ," ಅಂದರು ಅಪ್ಪ. "ನಾನೇ ಜೊತೇಲಿ ಬರ್ತಾ ಇದೀನಲ್ಲ. ಸತ್ತಿಲ್ಲ ಅಂತ ಅವರಿಗೆ ಕಾಣ್ಸಲ್ವಾ?"

"ನೀವು ಬಾಯ್ಮುಚ್ಕೊಂಡ್ ಕೂತ್ಕೊಳ್ರೀ, ಒಳ್ಳೇ ದಿನ ಕೆಟ್ ಮಾತಾಡ್ಬೇಡಿ!" ಎಂದು ಅಮ್ಮ ಒಳಗೆ ಹೋಗಿ ಕಾಡಿಗೆ ಡಬ್ಬಿ ತಂದಳು. ನನ್ನ ಗದ್ದ ಹಿಡಿದು, ಹಲ್ಲು ಕಚ್ಚಿಕೊಂಡು, ಬಲಗಡೆಗೆ ಮೀಸೆ ಬರೆದಳು. ಅದು ಎಡಗಡೆಯದಕ್ಕಿಂತ ದಪ್ಪವಾಯಿತು. ಎಡಗಡೆಗೂ ಸ್ವಲ್ಪ ಹಚ್ಚಿದಳು, ಈಗ ಅದು ದಪ್ಪವಾಯಿತು. ಮತ್ತೆ ಬಲಕ್ಕೆ ಬಂದಳು. ಹೀಗೆ ಸಮ ಮಾಡುತ್ತ ಮಾಡುತ್ತ ಮೀಸೆ ಕೆನ್ನೆಯ ಕಡೆ ಹೊರಟಾಗ ಮಾವ ಕೈ ಮುಗಿದರು. "ಅಕ್ಕಾ, ಸಾಕು ಮಾಡಮ್ಮಾ. ನಾಟಕದಲ್ಲಿ ರಾಕ್ಷಸನ ಪಾರ್ಟ್ ಹಾಕ್ಕೊಂಡಂಗೈತೆ."

ಮೇ ತಿಂಗಳ ಬಿಸಿಲು, ಮಾವನ ಕಾರಿನ ಏಸಿ ಬರೀ ಸದ್ದು ಮಾಡುವಂಥದ್ದು. ಹೋಳೂರು ದಾಟುವಷ್ಟರಲ್ಲಿ ಮೇಲ್ದುಟಿಯಲ್ಲಿ ಬೆವರು ಮೂಡಿತು. ಅಮ್ಮ ಹಿಂದಿನ ಸೀಟಿನಿಂದ ದಾರಿಯುದ್ದಕ್ಕೂ ಬೀಸಣಿಗೆಯಲ್ಲಿ ನನ್ನ ಮುಖಕ್ಕೊಂದಕ್ಕೇ ಗಾಳಿ ಹಾಕಿದಳು. "ಒರೆಸ್ಕೋಬೇಡ, ಮಾತಾಡ್ಬೇಡ, ನಗ್ಬೇಡ," ಎಂದು ಹೇಳುತ್ತಲೇ ಇದ್ದಳು.

ಹುಡುಗಿಯ ಮನೆಯ ಹಾಲಿನಲ್ಲಿ ಅವಳ ಅಪ್ಪ, ಅತ್ತೆ, ಇನ್ನೂ ಕೆಲವು ದೊಡ್ಡವರು ಸಾಲಾಗಿ ಕೂತಿದ್ದರು. ಎಲ್ಲರೂ ನನ್ನ ಮುಖವನ್ನು ಒಂದು ಸಲ ನೋಡಿದರು, ನೋಡಬಾರದ್ದನ್ನು ನೋಡಿದವರ ಹಾಗೆ ಕಣ್ಣು ತಿರುಗಿಸಿದರು, ಆಮೇಲೆ ಮತ್ತೆ ನೋಡಿದರು. ಹುಡುಗಿ ಕಾಫಿ ತಂದಿಟ್ಟಳು. ನಾನು ತಲೆ ಎತ್ತದೆ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದೆ. ಕೆಳಗಿಟ್ಟಾಗ ಸ್ಟೀಲ್ ಲೋಟದ ಅಂಚಿಗೆ ಒಂದು ಪೂರ್ತಿ ಬಲಗಡೆಯ ಮೀಸೆ ಅಂಟಿಕೊಂಡಿತ್ತು.

ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು. ಹುಡುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಅವಳ ಭುಜಗಳು ಕುಣಿಯುತ್ತಿದ್ದವು. ನಂತರ ಹೇಗೋ ಸಾವರಿಸಿಕೊಂಡು, "ಅಪ್ಪಾ, ನಾನು ಇವರ ಹತ್ರ ಸ್ವಲ್ಪ ಮಾತಾಡ್ಬೇಕು," ಎಂದು ಹಿತ್ತಲ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ನೆಲದ ತುಂಬ ಹುಲ್ಲು ಹಾಸಿ ಮಾವಿನಕಾಯಿ ಹಣ್ಣಿಗಿಟ್ಟಿದ್ದರು. ಕಾಲಿಡಲು ಜಾಗವಿಲ್ಲದೆ ಬಾಗಿಲ ಪಕ್ಕ ಗೋಡೆಗೆ ಅಂಟಿಕೊಂಡು ನಿಂತೆವು.

"ಈಗ ಹೇಳಿ. ಮೀಸೆ ಏನಾಯ್ತು?"

ಸುಳ್ಳು ಹೇಳಲು ಏನೂ ಹೊಳೆಯಲಿಲ್ಲ. ಹೋದದ್ದು ಹೋಯಿತು ಎಂದು ಎಲ್ಲವನ್ನೂ ಹೇಳಿದೆ. ನಾಲ್ಕು ಕುರ್ಚಿ, ಒಂದು ಕ್ಯೂ, ಕೋರು, ಶೆಡ್ಯೂಲರ್, ಸೀಟಿ, ಆಟೋದವನ ಕ್ರಾಪು. ಅವಳು ನಗುತ್ತ ನಗುತ್ತ ಕುಸಿದು ಹುಲ್ಲಿನ ಮೇಲೆ ಒಂದು ಮಾವಿನಕಾಯಿ ಪಕ್ಕಕ್ಕೆ ಸರಿಸಿ ಕೂತೇಬಿಟ್ಟಳು. ಕಣ್ಣೀರು ಒರೆಸಿಕೊಂಡ ಮೇಲೆ ಕ್ಲಾಸಿನಲ್ಲಿ ಕೇಳುವವರ ಹಾಗೆ ಕೇಳಿದಳು.

"ಒಂದು ಅನುಮಾನ. ಎಲ್ಲಾ ಕೆಲಸಾನೂ ಒಂದೇ ಸಮ ಅಲ್ಲ ಅಲ್ವಾ? ಮುಖ್ಯ ಅನ್ನಿಸ್ಕೊಂಡ ದೊಡ್ಡ ಕೆಲಸಗಳು ಮುಂದೆ ನುಗ್ತವೆ. ಅವು ಒಂದರ ಹಿಂದೆ ಒಂದು ಬರ್ತಾನೇ ಇದ್ರೆ, ಕೊನೇಲಿರೋ ಚಿಕ್ಕ ಕೆಲಸದ ಸರದಿ ಯಾವಾಗ ಬರುತ್ತೆ?"

"ಬರದೇನೂ ಇರಬಹುದು," ಅಂದೆ. "ಅದು ದೊಡ್ಡ ತಾಪತ್ರಯ. ಪಾಪ, ಅದು ಅಲ್ಲೇ ಉಪವಾಸ ಕೂತಿರುತ್ತೆ. ಅದಕ್ಕೇ ಒಳ್ಳೇ ಶೆಡ್ಯೂಲರ್ ಏನ್ಮಾಡ್ತಾನೆ ಅಂದ್ರೆ, ಕಾದಷ್ಟೂ ಅದನ್ನ ಸಾಲಲ್ಲಿ ಮುಂದಕ್ಕೆ ತರ್ತಾ ಹೋಗ್ತಾನೆ. ಕೊನೆಗೆ ಎಂಥಾ ದೊಡ್ಡದು ಬಂದ್ರೂ ಇದಕ್ಕೇ ಮೊದಲು."

ಅವಳು ನಗಲಿಲ್ಲ. ಪಕ್ಕದ ಮಾವಿನಕಾಯಿಯೊಂದರ ತೊಟ್ಟನ್ನು ಉಗುರಿನಿಂದ ಕೀಳುತ್ತಿದ್ದಳು. "ನಮ್ಮನೇಲಿ ಹೇಗೆ ಗೊತ್ತಾ? ಯಾರಾದ್ರೂ ನೋಡೋಕೆ ಬರ್ತಾರೆ. ಅಪ್ಪ ಮಾತಾಡ್ತಾರೆ, ಅತ್ತೆ ಮಾತಾಡ್ತಾರೆ, ಚಿಕ್ಕಪ್ಪ ದೊಡ್ಡಪ್ಪ ಎಲ್ಲಾರೂ ಮಾತಾಡ್ತಾರೆ. ಬಂದೋರು ಹೊರಟು ಹೋಗ್ತಾರೆ. ಆಮೇಲೆ ಏನು ತೀರ್ಮಾನ ಆಯ್ತು ಅಂತ ಅಮ್ಮ ನಂಗೆ ಅಡುಗೆಮನೇಲಿ ಹೇಳ್ತಾಳೆ."

ಅವಳ ಬಗ್ಗೆ ಅಯ್ಯೋ ಅನ್ನಿಸಿತು, ಅವರೆಲ್ಲರ ಮೇಲೆ ಸಿಟ್ಟು ಬಂತು. ಅಷ್ಟರಲ್ಲಿ ಹಾಲಿನಿಂದ ಅವಳ ಅಪ್ಪನ ದನಿ ಕೇಳಿಸಿತು. "ಆಗ್ಲಿ, ನೀವಿನ್ನು ಹೊರಡಿ. ನಾವು ಎಲ್ಲಾ ಕೂತು ಯೋಚನೆ ಮಾಡಿ ಫೋನ್ ಮಾಡ್ತೀವಿ." ಅಮ್ಮ ಸಣ್ಣಗೆ "ಹೂಂ" ಅಂದಳು. ಮುಗಿಯಿತು ಅಂದುಕೊಂಡೆ.

ಹುಡುಗಿ ಸೀರೆಗಂಟಿದ ಹುಲ್ಲು ಕೊಡವಿಕೊಂಡು ಎದ್ದಳು. ನನ್ನ ಕಡೆ ನೋಡದೆ ಸೀದಾ ಹಾಲಿಗೆ ನಡೆದಳು. ನಾನು ಹಿಂದೆಯೇ ಓಡಿದೆ.

"ಅಪ್ಪಾ, ಫೋನ್ ಏನೂ ಬೇಡ. ನಂಗೆ ಇವರು ಒಪ್ಪಿಗೆ."

ನಮ್ಮಪ್ಪನ ಬಾಯಿಗೆ ಹೋಗುತ್ತಿದ್ದ ಬಜ್ಜಿ ಅಲ್ಲೇ ನಿಂತಿತು. ಅವಳ ಅತ್ತೆ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು, "ಇದೇನೇ ಇದು! ದೊಡ್ಡೋರು ಇನ್ನೂ ಮಾತಾಡ್ತಾನೇ ಇದೀವಿ, ಅಷ್ಟರಲ್ಲಿ ಮಧ್ಯ ಬಾಯಿ ಹಾಕ್ತೀಯಲ್ಲ?" ಎಂದರು.

"ನೀವು ಮಾತಾಡ್ತಾ ಇರಿ ಅತ್ತೆ," ಅಂದಳು ಅವಳು. "ನಾನು ನಂದು ಹೇಳಿ ಮುಗಿಸ್ದೆ, ಅಷ್ಟೇ."

ಅವಳ ಅಪ್ಪ ಎದ್ದು ನಿಂತರು. ಬೈಯುತ್ತಾರೆ ಅಂದುಕೊಂಡೆ. ಅವರು ಮಗಳನ್ನು ನೋಡಿದರು, ಕಪ್ಪು ಸೋರುತ್ತಿದ್ದ ನನ್ನ ಮುಖವನ್ನು ನೋಡಿದರು, ಮತ್ತೆ ಮಗಳನ್ನು ನೋಡಿದರು.

"ನಿನಗೆ ಇಂಥೋರು ಇಷ್ಟ ಅಂತ ಮೊದಲೇ ಹೇಳ್ಬಾರ್ದಾಗಿತ್ತೇನಮ್ಮಾ? ಇಷ್ಟು ವರ್ಷದಿಂದ ಎಷ್ಟು ಜನರನ್ನ ಕರ್ಕೊಂಡ್ ಬಂದೆ ನಾನು."

"ನೀವು ಕೇಳಿದ್ರೆ ತಾನೇ ಅಪ್ಪಾ," ಅಂದಳು.

ಅವರು ಮಗಳನ್ನು ಕರೆದು ತಮ್ಮ ಕುರ್ಚಿಯಲ್ಲಿ ಕೂರಿಸಿ, ತಾವು ಅವಳ ಪಕ್ಕ ನೆಲದ ಮೇಲೆ ಕೂತರು. "ಇನ್ನೇನಾದ್ರೂ ಇದ್ರೆ ಹೇಳಮ್ಮ," ಎಂದರು.